ಮಾಸ್ಟ್ರಿಗೆ ತಾನಾಗಿ ಬಂದ ಕಾದಂಬರಿ

ಲಾವಂಚದ ಬೇರಿನ ವಾಸನೆ ಮೂಗಿಗೆ ಬಡಿದಾಗ ನಾನು ಮದುವೆ ಕಾಗದವೊಂದರ ಕರಡು ತಿದ್ದುತ್ತಿದ್ದೆ. ಮೂಡಬಿದಿರೆಯ ನನ್ನ ಪುಟ್ಟ ಡಿಟಿಪಿ ಅಂಗಡಿಯ ಮೇಜಿನ ಮೇಲೆ ಒಬ್ಬ ಹೆಂಗಸು ಬಟ್ಟೆಚೀಲವಿಟ್ಟು, ಒಳಗಿಂದ ಹಳೆಯ ಹಾಳೆಗಳ ಕಟ್ಟೊಂದನ್ನು ತೆಗೆದಿದ್ದರು. ಹುಳ ಹಿಡಿಯದಿರಲೆಂದು ಹಾಳೆಗಳ ನಡುವೆ ಲಾವಂಚ ಇಡುತ್ತಿದ್ದವರು ನಾನು ಕಂಡಂತೆ ಒಬ್ಬರೇ. ಬಂದವರು ಯಾರ ಕಡೆಯವರೆಂದು ತಲೆಯೆತ್ತುವ ಮೊದಲೇ ತಿಳಿಯಿತು.

"ಅಪ್ಪನ ಕೊನೆಯ ಕಾದಂಬರಿ, ಅರ್ಧಕ್ಕೇ ನಿಂತದ್ದು. ಅವರ ಅಕ್ಷರ ಓದ್ಲಿಕ್ಕೆ ನಿಮಗೆ ಮಾತ್ರ ಆಗುದು ಅಂತ ಹೇಳ್ತಿದ್ರು," ಎಂದರು ಆಕೆ.

ನಾಳೆ ಹೇಳುತ್ತೇನೆ ಎಂದು ಕಳಿಸಿದೆ. ಆಮೇಲೆ ಇಡೀ ದಿನ ಕೆಲಸ ಕೈಗೆ ಹತ್ತಲಿಲ್ಲ. ಮಾಸ್ಟ್ರು ತೀರಿಕೊಂಡದ್ದು ನನಗೆ ಗೊತ್ತಿತ್ತು. ನಾನು ಹೋಗಿರಲಿಲ್ಲ.

ಮಾಸ್ಟ್ರ ಪರಿಚಯವಾದಾಗ ನಾನು ಮಡಂತ್ಯಾರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸಕ್ಕಿದ್ದೆ. ಪಿಯುಸಿ ಆದ ಮೇಲೆ ಮುಂದೆ ಓದಲಾಗದೆ ಅಲ್ಲಿ ಬಂದು ಕುಳಿತವಳು. ಮದುವೆ ಕಾಗದ, ಮನೆ ಒಕ್ಕಲಿನ ಕಾಗದ, ಯಕ್ಷಗಾನದ ಕರಪತ್ರ, ಸೊಸೈಟಿಯ ನೋಟೀಸು... ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಹೆಸರು ಕುಟ್ಟುವುದೇ ಕೆಲಸ. ನಿವೃತ್ತರಾಗಿದ್ದ ಆ ಶಾಲಾ ಮಾಸ್ಟ್ರು ವಾರಕ್ಕೊಮ್ಮೆ ಪುಂಜಾಲಕಟ್ಟೆಯಿಂದ ಬಸ್ಸು ಹತ್ತಿ, ತಾವು ಬರೆಯುತ್ತಿದ್ದ ಕಾದಂಬರಿಯ ಹಾಳೆಗಳನ್ನು ನನ್ನ ಹತ್ತಿರ ತರುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದರು. ಒಂದು ಬದಿಯಲ್ಲಿ ಅವರ ನಾಯಕಿ ಬಟ್ಟೆ ಒಗೆಯುತ್ತಿದ್ದರೆ, ಮಗುಚಿದರೆ ಏಳನೇ ತರಗತಿಯ ಸಮಾಜ ವಿಜ್ಞಾನ. ಅಕ್ಷರವಂತೂ ದೇವರಿಗೇ ಪ್ರೀತಿ.

ಅವರು ಕಥೆಯನ್ನು ಮೊದಲೇ ಯೋಚಿಸಿಟ್ಟುಕೊಳ್ಳುತ್ತಿರಲಿಲ್ಲ. ಅದು ಅವರಿಗೆ ವ್ರತದಂತೆ. ಮುಂದೇನಾಗುತ್ತದೆ ಎಂದು ಕೇಳಿದರೆ, "ಅದು ಗೊತ್ತಿದ್ರೆ ಬರೆಯುದು ಯಾಕೆ ಮಾರಾಯ್ತಿ? ಅವಳು ಮುಂದೆ ಹೋಗ್ತಾಳೆ, ನಾನು ಹಿಂದಿನಿಂದ ಹೋಗ್ತೇನೆ" ಎನ್ನುತ್ತಿದ್ದರು. ಹೀಗೆ ಹಿಂದಿನಿಂದ ಹೋಗಿ ಹೋಗಿ, ಶುರುವಿನಲ್ಲೇ ಸತ್ತಿದ್ದ ನಾಯಕಿಯ ಮಾವ ಒಂದಷ್ಟು ಅಧ್ಯಾಯ ಕಳೆದ ಮೇಲೆ ಜಗಲಿಯಲ್ಲಿ ಕುಳಿತು ವೀಳ್ಯ ಜಗಿಯುತ್ತಿದ್ದ. ನಾನು ತೋರಿಸಿದಾಗ ಮಾಸ್ಟ್ರು ಹೊಟ್ಟೆ ಹಿಡಿದು ನಕ್ಕು, "ಇರಲಿ, ಪುನಃ ಕೊಲ್ಲುವ" ಎಂದಿದ್ದರು.

ನನಗೆ ಅವರು ಹಿಡಿಸಿದ್ದು ಬೇರೆ ಕಾರಣಕ್ಕೆ. ಬರಹ ಎಲ್ಲಿಯಾದರೂ ತೊಡಕಿದರೆ ಕುರ್ಚಿ ಎಳೆದು ನನ್ನ ಪಕ್ಕ ಕುಳಿತು, "ಅವಳು ಈಗ ಎಂತ ಮಾಡ್ಬಹುದು? ನಿನಗೆ ಎಂತ ಕಾಣ್ತದೆ?" ಎಂದು ಕೇಳುತ್ತಿದ್ದರು. ಅಲ್ಲಿಯವರೆಗೆ ನನಗೆ ಏನು ಕಾಣುತ್ತದೆಂದು ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಯಾರೂ ಕೇಳಿರಲಿಲ್ಲ. ನಾನು ಅಂದದ್ದು ಮುಂದಿನ ವಾರ ಹಾಳೆಯ ಮೇಲೆ ಬಂದಿರುತ್ತಿತ್ತು. ಅದನ್ನು ಟೈಪ್ ಮಾಡುತ್ತಾ ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ. ಅಪ್ಪ ಬೇಗ ಹೋಗಿದ್ದರು... ಮಾಸ್ಟ್ರಲ್ಲಿ ನಾನು ಅವರನ್ನು ಸ್ವಲ್ಪ ಕಂಡಿದ್ದೆನೋ ಏನೋ.

ಒಂದು ಮಳೆಗಾಲ ಕಾದಂಬರಿ ನಿಂತೇ ಹೋಯಿತು. ನಾಯಕಿಯ ಗಂಡ ಗಲ್ಫಿಗೆ ಹೋದವನ ಸುದ್ದಿಯಿಲ್ಲ, ಅವಳು ಹೊಸ್ತಿಲಲ್ಲಿ ಕುಳಿತಿದ್ದಾಳೆ, ಏಳುತ್ತಲೇ ಇಲ್ಲ. ಮಾಸ್ಟ್ರು ಬರಿಗೈಯಲ್ಲಿ ಬರತೊಡಗಿದರು. ಗಡ್ಡ ಕೆರೆದಿರಲಿಲ್ಲ, ಚಾ ತರಿಸಿದರೆ ತಣ್ಣಗಾಗುತ್ತಿತ್ತು. ಕಾಯುವ ಹೆಂಗಸು ದಿನ ಹೇಗೆ ಕಳೆಯುತ್ತಾಳೆಂದು ತನಗೆ ಗೊತ್ತಿಲ್ಲ, ಇನ್ನು ಬರೆಯುವುದಿಲ್ಲ ಎಂದರು. ನನಗೆ ನೋಡಲಾಗಲಿಲ್ಲ. ಯಾರಿಗೂ ಹೇಳಬಾರದು, ಬರೆಯಲೂ ಬಾರದು ಎಂದು ಮಾತು ತೆಗೆದುಕೊಂಡೇ ಅಕ್ಕನ ವಿಷಯ ಹೇಳಿದೆ.

ಅಕ್ಕನನ್ನು ಫರಂಗಿಪೇಟೆಯ ಕಡೆ ಕೊಟ್ಟಿತ್ತು. ಮದುವೆಯಾಗಿ ಸ್ವಲ್ಪ ಸಮಯದಲ್ಲೇ ಭಾವ ಮಸ್ಕತ್‌ಗೆ ಹೋದರು. ಮೊದಲು ಶುಕ್ರವಾರ, ಅಲ್ಲಿ ರಜೆಯ ದಿನ, ಫೋನ್ ಮಾಡುತ್ತಿದ್ದರು. ಆಮೇಲೆ ನಿಂತಿತು. ಆದರೆ ಅಕ್ಕ ಪ್ರತಿ ಶುಕ್ರವಾರ ಸಂಜೆ ಅಂಗಳದ ಕಟ್ಟೆಯಲ್ಲಿ ಕುಳಿತು, ಮೊಬೈಲ್ ಕಿವಿಗಿಟ್ಟು, ಒಳಗಿದ್ದ ಅತ್ತೆಗೂ ಗೋಡೆಯಾಚೆಯ ಮನೆಗಳಿಗೂ ಕೇಳುವಂತೆ ಮಾತಾಡುತ್ತಿದ್ದಳು. ಭಾವನಿಗೆ ರೂಮು ಬದಲಾಯಿತು. ಜತೆಗಿರುವವನು ಮೀನು ಸಾರಿಗೆ ಹುಳಿ ಸುರಿಯುತ್ತಾನೆ. ಹೊಸ ಸೂಪರ್‌ವೈಸರ್ ಒಳ್ಳೆಯವನು. "ಅಮ್ಮನ ಕಾಲುನೋವು ಹೇಗುಂಟು ಅಂತ ಕೇಳ್ತಾರೆ ಅತ್ತೇ" ಎಂದು ನಡುವೆ ಕೂಗುತ್ತಿದ್ದಳು. ಅತ್ತೆಗೆ ಮಗನ ಸುದ್ದಿ ಸಿಗುತ್ತಿದ್ದದ್ದು ಅಷ್ಟೇ.

ಒಮ್ಮೆ ಭಾವನೊಡನೆ ಮಾತಾಡುವ ಆಸೆಯಿಂದ ನಾನು ಅವಳ ಕೈಯಿಂದ ಫೋನ್ ಕಿತ್ತುಕೊಂಡೆ. ಆ ಕಡೆ ಯಾರೂ ಇರಲಿಲ್ಲ. ಅಕ್ಕ ನನ್ನ ಕೈ ಹಿಡಿದು ಬಾವಿಯ ಹಿಂದೆ ಎಳೆದುಕೊಂಡು ಹೋಗಿ, "ಇವರಿಗೆ ಗೊತ್ತಾದ್ರೆ ನನ್ನನ್ನು ಅಮ್ಮನ ಮನೆಗೆ ಬಿಟ್ಟು ಬರ್ತಾರೆ. ಮತ್ತೆ ನಾನು ಯಾರು ಹೇಳು?" ಎಂದಿದ್ದಳು. ಆಮೇಲೆ ಪ್ರತಿ ಸಲ ಭೇಟಿಯಾದಾಗಲೂ ಭಾವನ ಮುಂದಿನ ಸಂಗತಿ ಏನು ಹೇಳಲಿ ಎಂದು ನಾವಿಬ್ಬರೂ ಬಾಯಿಗೆ ಸೆರಗು ಅದುಮಿ ನಗುತ್ತಿದ್ದೆವು. ಅವಳೂ ಮೊದಲೇ ಏನೂ ಯೋಚಿಸಿರುತ್ತಿರಲಿಲ್ಲ. ಫೋನ್ ಕಿವಿಗಿಟ್ಟ ಮೇಲೆಯೇ ಅವಳಿಗೆ ಮಾತು ಹುಟ್ಟುತ್ತಿತ್ತು.

ಮುಂದಿನ ವಾರ ಮಾಸ್ಟ್ರು ದೊಡ್ಡ ಕಟ್ಟು ತಂದರು. ಗಡ್ಡ ನುಣ್ಣಗಿತ್ತು, ಗೋಳಿಬಜೆಯ ಪೊಟ್ಟಣವೂ ಇತ್ತು. ಖುಷಿಯಲ್ಲೇ ಟೈಪ್ ಮಾಡತೊಡಗಿದೆ. ಶುಕ್ರವಾರ ಬಂತು. ಕಟ್ಟೆ ಬಂತು. ಮೀನು ಸಾರಿನ ಹುಳಿ ಬಂತು. ಅತ್ತೆಯ ಕಾಲುನೋವು ಬಂತು. ಅಕ್ಕನ ಗುಟ್ಟನ್ನು ನನ್ನ ಬೆರಳುಗಳೇ ಒಂದೊಂದು ಅಕ್ಷರವಾಗಿ ಒತ್ತುತ್ತಿದ್ದವು... ಕೈ ನಿಂತಿತು.

ತೆಗೆಯಿರಿ ಎಂದೆ. ಮಾಸ್ಟ್ರು ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ, "ನಾನು ಬರೆದದ್ದಲ್ಲ ಮಗಾ, ಅದಾಗಿಯೇ ಬಂತು. ಯೋಚನೆ ಮಾಡಿ ಬರೆದದ್ದಾದ್ರೆ ತೆಗೀಬಹುದಿತ್ತು" ಎಂದರು. ಅದಾಗಿಯೇ ಬಂತಂತೆ! ಬಸ್ಸಿನಲ್ಲಿ ಬಂತೋ, ನಡೆದುಕೊಂಡು ಬಂತೋ? ಹಾಗೆ ಕೇಳುವ ನಾಲಿಗೆ ಆಗ ನನಗಿರಲಿಲ್ಲ. ಅಳತೊಡಗಿದೆ. ಜೆರಾಕ್ಸಿಗೆ ಬಂದವರೆಲ್ಲ ತಿರುಗಿ ನೋಡುವಂತೆ ಅತ್ತುಬಿಟ್ಟೆ. ಕೊನೆಗೆ ಅವರು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿ, "ಆಯ್ತು, ತೆಗೀತೇನೆ. ಅಳ್ಬೇಡ" ಎಂದು ತಲೆ ಸವರಿ ಹೋದರು. ಮತ್ತೆ ಅಂಗಡಿಗೆ ಬರಲಿಲ್ಲ. ಉಳಿದದ್ದನ್ನು ಬಿ.ಸಿ. ರೋಡಿನ ಅಂಗಡಿಯೊಂದರಲ್ಲಿ ಟೈಪ್ ಮಾಡಿಸುತ್ತಿದ್ದಾರೆಂದು ಯಾರೋ ಹೇಳಿದರು. ನನ್ನನ್ನು ಅಳುವಂತೆ ಮಾಡಿದ್ದಕ್ಕೆ ನಾಚಿಕೆಯಿರಬೇಕು ಎಂದುಕೊಂಡೆ. ಅವರ ಮೇಲೆ ಅಷ್ಟು ನಂಬಿಕೆ.

ಬಂಟ್ವಾಳದಲ್ಲಿ ಪುಸ್ತಕ ಬಿಡುಗಡೆಯ ಕಾಗದ ಬಂದಾಗ ನಾನು ಅಕ್ಕನನ್ನೂ ಹೊರಡಿಸಿದೆ. ನನ್ನ ಮಾತು ಕೇಳಿ ಬರೆಯುವ ಮಾಸ್ಟ್ರನ್ನು ಅವಳಿಗೆ ತೋರಿಸಬೇಕಿತ್ತು. ಫರಂಗಿಪೇಟೆ ಹತ್ತಿರವೇ, ಅವಳ ನೆರೆಯವರೂ ಕೆಲವರು ಬಂದಿದ್ದರು. ಮಾಸ್ಟ್ರು ವೇದಿಕೆಯಲ್ಲಿ ಕನ್ನಡಕ ಒರೆಸಿಕೊಂಡು, ತನಗೆ ಬಹಳ ಇಷ್ಟವಾದ ಭಾಗವೆಂದು ಓದತೊಡಗಿದರು. ಶುಕ್ರವಾರ ಸಂಜೆ, ಕಟ್ಟೆ, ಹುಳಿ ಸಾರು... ಒಂದು ಪದವನ್ನೂ ತೆಗೆದಿರಲಿಲ್ಲ. ಕೊನೆಯಲ್ಲಿ ಆ ಹೆಂಗಸಿನ ಕಿವಿಯಲ್ಲಿದ್ದ ಫೋನಿನ ಆ ಕಡೆ ಯಾರೂ ಇಲ್ಲವೆಂಬುದನ್ನೂ ಓದಿದರು. ಸಭೆಯಲ್ಲಿ ಮೂಗೊರೆಸುವ ಸದ್ದಾಯಿತು. ಅಕ್ಕನ ನೆರೆಯವರು ಮಾತ್ರ ಮೆಲ್ಲ ತಿರುಗಿ ಅವಳನ್ನೇ ನೋಡುತ್ತಿದ್ದರು.

ಯಾರೋ ಎದ್ದು, ಈ ಸನ್ನಿವೇಶ ಹೇಗೆ ಹೊಳೆಯಿತು ಎಂದು ಕೇಳಿದರು. "ನನಗೇ ಗೊತ್ತಿಲ್ಲ. ನಾನು ಯೋಜನೆ ಹಾಕಿ ಬರೆಯುವವನಲ್ಲ," ಎಂದರು ಮಾಸ್ಟ್ರು. ಆಗಲೇ ಅವರ ಕಣ್ಣಿಗೆ ನಾನು ಬಿದ್ದೆ. ದೃಷ್ಟಿಯನ್ನು ಮುಂದಿನ ಸಾಲಿಗೆ ಜಾರಿಸಿ, ಮಾತು ಮುಂದುವರಿಸಿದರು.

ಹೊರಗೆ ಬಸ್ಸಿಗೆ ನಿಂತಾಗ ಅಕ್ಕ ನನ್ನ ಮುಖ ನೋಡದೆ, "ಆ ಕಡೆ ಯಾರೂ ಇಲ್ಲ ಅಂತ ನಿನಗೊಬ್ಬಳಿಗೇ ಅಲ್ವಾ ಗೊತ್ತಿದ್ದದ್ದು?" ಎಂದಳು. ಮಾಸ್ಟ್ರು ಮಾತು ಕೊಟ್ಟಿದ್ದರು ಎಂದು ಹೇಳಲು ಬಾಯಿ ತೆರೆದೆ. ಬಸ್ಸು ಬಂತು, ಅವಳು ಹತ್ತಿದಳು.

ಹೆಚ್ಚು ದಿನ ಹೋಗಲಿಲ್ಲ. ಭಾವನ ತಮ್ಮ ರಿಕ್ಷಾದಲ್ಲಿ ಅವಳನ್ನು ತಂದು ನಮ್ಮ ಅಂಗಳದಲ್ಲಿ ಇಳಿಸಿ, ನೀರು ಕೂಡ ಕುಡಿಯದೆ ಹೋದ. ಸುಳ್ಳು ಹೇಳಿ ಮುದುಕಿಯನ್ನು ಮರುಳು ಮಾಡಿದವಳೆಂಬ ಹೆಸರು ಅವಳಿಗೆ ಅಂಟಿತು. ಅತ್ತೆ ಒಂದೆರಡು ವರ್ಷದಲ್ಲಿ ಹೋದರು. ತಿಳಿಸಿದ್ದು ಎಲ್ಲ ಮುಗಿದ ಮೇಲೆ. ಮಾಸ್ಟ್ರ ಪುಸ್ತಕಕ್ಕೆ ಸನ್ಮಾನಗಳಾದವು, ಶಾಲು ಹೊದೆದ ಫೋಟೋಗಳು ಪೇಪರಿನಲ್ಲಿ ಬಂದವು. ಮನೆಯಲ್ಲಿ ಆ ಪೇಪರನ್ನು ನಾನು ಒಲೆಗೆ ಹಾಕುತ್ತಿದ್ದೆ. ಆ ಪುಸ್ತಕವನ್ನು ಇಂದಿಗೂ ಓದಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಹೇಳಬಾರದಂತೆ. ನನಗೆ ಒಳ್ಳೆಯದು ಹೇಳಲು ಬಾಯಿ ಬರುವುದಿಲ್ಲ, ಏನು ಮಾಡಲಿ?

ಮರುದಿನ ಆ ಮಗಳಿಗೆ ಆಗುವುದಿಲ್ಲ ಎಂದೆ. ಪಾಪ, ಅವರದೇನು ತಪ್ಪು... ಕಟ್ಟನ್ನು ಎದೆಗವಚಿಕೊಂಡು ಇಳಿದು ಹೋದರು.

ಅಕ್ಕ ಈಗ ಬೆಳ್ತಂಗಡಿಯ ಬಟ್ಟೆಯಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ ಮಾಡುತ್ತಾಳೆ. ಕಳೆದ ಭಾನುವಾರ ಹೋದಾಗ ಧೈರ್ಯ ಮಾಡಿ ಮಾಸ್ಟ್ರ ಮಗಳು ಬಂದ ಸಂಗತಿ ಹೇಳಿದೆ. ನಮ್ಮ ನಡುವೆ ಇಷ್ಟು ವರ್ಷ ಮಾಸ್ಟ್ರ ಮಾತೇ ಬಂದಿರಲಿಲ್ಲ. ಅವಳು ಇಸ್ತ್ರಿ ಮಾಡುತ್ತಿದ್ದವಳು ನಿಲ್ಲಿಸಲಿಲ್ಲ.

"ನಾನು ಆ ಪುಸ್ತಕ ಓದಿದ್ದೇನೆ," ಎಂದಳು. "ಕೊನೆಯ ಪುಟದಲ್ಲಿ ಅವಳಿಗೆ ಫೋನ್ ಬರ್ತದೆ. ನಿಜವಾಗಿ ಬರ್ತದೆ. ಗಂಡ ಮೊದಲು ಅಮ್ಮ ಹೇಗಿದ್ದಾರೆ ಅಂತ ಕೇಳ್ತಾನೆ."

ಬಟ್ಟೆಯನ್ನು ಮಗುಚಿ ಹಾಕಿ ಇಸ್ತ್ರಿ ಮುಂದುವರಿಸಿದಳು.

"ಅತ್ತೆಗೆ ಓದ್ಲಿಕ್ಕೆ ಬರ್ತಿರ್ಲಿಲ್ಲ. ಆ ಒಂದು ಪುಟ ಅವರಿಗೆ ಓದಿ ಹೇಳ್ಬೇಕು ಅಂತ ಹೋಗಿದ್ದೆ ಒಮ್ಮೆ, ನಿಮಗೆ ಯಾರಿಗೂ ಹೇಳದೆ. ಗೇಟಿನ ಒಳಗೆ ಬಿಡ್ಲಿಲ್ಲ."