ಪೆಪ್ಪರ್‌ಮೆಂಟು ಕರಗುವವರೆಗೆ

ಹಿಲ್ಕೆಯ ಕಪ್ಪು ಕೈಚೀಲದಲ್ಲಿ ಒಂದು ಸುರುಳಿ ಪೆಪ್ಪರ್‌ಮೆಂಟು ಖಾಯಂ. ಅದರಲ್ಲೇನು ವಿಶೇಷ ಅನ್ನಬೇಡಿ. ನಮ್ಮೂರಿನ ಯಾವ ಹೆಂಗಸಿನ ಚೀಲ ಜಾಲಾಡಿದರೂ ಅದು ಸಿಕ್ಕೇ ಸಿಗುತ್ತದೆ. ಚರ್ಚಿನಲ್ಲಿ ಸಭಾಪಾಲಕರ ಪ್ರಸಂಗ ಶುರುವಾದೊಡನೆ ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಪೆಪ್ಪರ್‌ಮೆಂಟು ಕೈಬದಲಾಗದಿದ್ದರೆ ಅದು ನಮಗೆ ಭಾನುವಾರವೇ ಅಲ್ಲ. ಆದರೆ ಹಿಲ್ಕೆಯದು ಪಾಠ ಹೇಳುವ ಪೆಪ್ಪರ್‌ಮೆಂಟು.

ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಚರ್ಚಿನ ಹಿಂದಿನ ಹಾಲ್‌ನಲ್ಲಿ ಸಭೆ ಆರಿಸಿದ ಹಿರಿಯರೂ ಹೆತ್ತವರೂ ಸೇರುತ್ತಾರೆ. 'ಯೌವನಸ್ಥರ ಆತ್ಮಪಾಲನೆಗೆ ಹಿರಿಯರನ್ನೂ ಹೆತ್ತವರನ್ನೂ ಸಜ್ಜುಗೊಳಿಸುವ ಕೂಟ' ಎಂದು ಸಭಾಪಾಲಕರು ಉದ್ದಕ್ಕೆ ಪ್ರಕಟಣೆ ಓದುತ್ತಾರೆ. ಊರವರ ಬಾಯಲ್ಲಿ ಅದು 'ಹಿಲ್ಕೆಯ ಸಂಜೆ', ಅಷ್ಟೆ. ಹಗಲೆಲ್ಲ ಬಂದರಿನ ಶೆಡ್ಡಿನಲ್ಲಿ ಮೀನು ಸೀಳುವ ಹೆಂಗಸು ಕೈತೊಳೆದು ಬಂದು, ಹಡಗಿನ ಯಜಮಾನರಿಗೂ ಶಾಲಾ ಮಾಸ್ತರರಿಗೂ ಬಾಯಿ ಮುಚ್ಚುವುದನ್ನು ಕಲಿಸುತ್ತಾಳೆ.

"ಮಗೂಗೆ ಒಂದು ಪ್ರಶ್ನೆ ಕೇಳಿ. ಕೇಳಿದ ತಕ್ಷಣ ಇದನ್ನ ಬಾಯಿಗೆ ಹಾಕ್ಕೊಳ್ಳಿ. ಕರಗೋವರೆಗೂ ಒಂದು ಮಾತೂ ಆಡಬಾರದು. ಐದು ನಿಮಿಷ ಬೇಕು. ಅಗಿಯೋ ಹಾಗಿಲ್ಲ. ಅಗಿಯೋರು ಹಿರಿಯರಾಗೋಕೆ ಲಾಯಕ್ಕಿಲ್ಲ."

ಹಾಲ್ ನಗುತ್ತದೆ. ಆಮೇಲೆ ಅವಳು ರೀಕೆಲ್ಟ್‌ನ ಕಥೆ ಹೇಳುತ್ತಾಳೆ. ಹಾಲ್ ನಗುವುದನ್ನು ನಿಲ್ಲಿಸುತ್ತದೆ.

ರೀಕೆಲ್ಟ್ ಅವಳ ಒಬ್ಬನೇ ಮಗ. ಹದಿನೇಳು ವರ್ಷ, ಎತ್ತರದ ಆಳು, ಅಪ್ಪನ ದೋಣಿಯಲ್ಲೇ ಕೆಲಸ. ಹನ್ನೊಂದು ವರ್ಷದ ಹಿಂದಿನ ಮಾತು. ಚಳಿಗಾಲಕ್ಕೆ ಮುಂಚೆ ಹಿರಿಯರು ಇಬ್ಬಿಬ್ಬರಾಗಿ ಕಪ್ಪು ಕೋಟು ತೊಟ್ಟು ಮನೆಮನೆಗೆ ಬಂದು ಪ್ರತಿಯೊಬ್ಬರ ಆತ್ಮದ ಕ್ಷೇಮ ವಿಚಾರಿಸುವುದು ನಮ್ಮಲ್ಲಿ ಅಜ್ಜಂದಿರ ಕಾಲದಿಂದಲೂ ಇದೆ. ಆ ಸಲ ಜೊತೆಗಾರರಿಗೆ ಜ್ವರ. ಲುಬ್ಬರ್ಟ್ ಎಂಬ ಹಿರಿಯರು ಒಬ್ಬರೇ ಬಂದರು. ಹಿಲ್ಕೆಯ ಗಂಡ ಸಮುದ್ರದ ಮೇಲಿದ್ದ. ರೀಕೆಲ್ಟ್ ಆ ವಾರ ದೋಣಿ ಹತ್ತಿರಲಿಲ್ಲ. ಹಿಲ್ಕೆ ಬೆಣ್ಣೆ ಕೇಕು ಕೊಯ್ದು ಕಾಫಿ ಕೊಟ್ಟಳು. "ನಿನ್ನ ಆತ್ಮ ಹೇಗಿದೆ ಮಗಾ?" ಎಂದು ಲುಬ್ಬರ್ಟ್ ಕೇಳಿದರು. ಹುಡುಗ ಚಮಚ ತಿರುಗಿಸುತ್ತಾ ಹೇಳಿದ್ದು ಇಷ್ಟು: "ಪ್ರಾರ್ಥನೆ ಮಾಡೋವಾಗ ಆ ಕಡೆ ಯಾರೂ ಇಲ್ಲ ಅನ್ಸುತ್ತೆ ಹಿರಿಯರೇ. ಈ ಕಡೆ ನಾನೂ ಇಲ್ಲ ಅನ್ಸುತ್ತೆ."

"ಅವನ ಮಾತಿನ್ನೂ ಮುಗಿದಿರಲಿಲ್ಲ," ಎನ್ನುತ್ತಿದ್ದಳು ಹಿಲ್ಕೆ. "ಹಿರಿಯರು ಅಡ್ಡ ಬಾಯಿ ಹಾಕಿದ್ರು. ಹುಡುಗನಿಗೆ ನಿದ್ದೆ ಸಾಲದು, ದೋಣಿ ಕೆಲಸ ನೋಡಿ, ಅಂದ್ಬಿಟ್ರು. ಅವನು ತಲೆ ಬಗ್ಗಿಸಿ ಕೇಕು ತಿಂದ. ಆರನೇ ದಿನ ಅವನ ಸೈಕಲ್ಲು ಅಲೆತಡೆ ಗೋಡೆಯ ಕಂಬಿಗೆ ಒರಗಿತ್ತು. ಅವನು ಸಿಕ್ಕಿದ್ದು ಮಾರ್ಚಿನಲ್ಲಿ."

ಇದರಲ್ಲಿ ಒಂದು ಸುಳ್ಳಿದೆ. ಅಡ್ಡ ಬಾಯಿ ಹಾಕಿದ್ದು ಲುಬ್ಬರ್ಟ್ ಅಲ್ಲ, ಹಿಲ್ಕೆಯೇ.

ಸುಳ್ಳು ಹೇಳಬೇಕೆಂದು ಅವಳು ಹೊಂಚು ಹಾಕಿದವಳಲ್ಲ. ನಮ್ಮೂರಿನಲ್ಲಿ ಮನೆಭೇಟಿಯೆಂದರೆ ತಾಯಂದಿರಿಗೆ ಪರೀಕ್ಷೆ. ನೆಲ ಉಜ್ಜಿರಬೇಕು, ಪರದೆ ಒಗೆದಿರಬೇಕು, ಮಕ್ಕಳು ಸರಿಯಾದ ಉತ್ತರ ಕೊಡಬೇಕು, ಕೊಡದಿದ್ದರೆ ತಾಯಿಯೇ ಕೊಡಬೇಕು. ನನ್ನ ತಾಯಿಯೂ ಹಾಗೇ ಕೊಟ್ಟವಳು. ಸತ್ತ ಮಗನ ಬಗ್ಗೆ ಹೇಳಲು ಮೊದಲ ವರ್ಷ ಹಾಲ್‌ನಲ್ಲಿ ನಿಂತಾಗ ಹಿಲ್ಕೆಯ ನಾಲಿಗೆ ತಾನಾಗಿ 'ಹಿರಿಯರು' ಅಂದುಬಿಟ್ಟಿತು. ಎದುರು ಕೂತ ಅಪ್ಪ ಅಮ್ಮಂದಿರೆಲ್ಲ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಅವಳನ್ನು ಕಟ್ಟಿಹಾಕಿತು.

ಅವಳು ಯಾರ ಹೆಸರನ್ನೂ ಎತ್ತಲಿಲ್ಲ. ನಮ್ಮೂರಿಗೆ ಹೆಸರು ಬೇಕೇ? ಆ ಬೀದಿಯ ಹಿರಿಯರು ಯಾರೆಂದು ಕೂಸಿಗೂ ಗೊತ್ತು. ವರ್ಷ ತುಂಬುವುದರೊಳಗೆ ಲುಬ್ಬರ್ಟ್ ಹಿರಿತನ ಬಿಟ್ಟರು. ಬೇಕರಿಯಲ್ಲಿ ಅವರನ್ನು ಕಂಡರೆ ಜನ ರೊಟ್ಟಿಯ ಕಡೆ ಮುಖ ತಿರುಗಿಸುತ್ತಿದ್ದರು. 'ತೀರ್ಪು ಮಾಡಬೇಡಿರಿ' ಎಂಬ ಕರ್ತನ ಮಾತನ್ನು ಬಾಯಿಪಾಠ ಮಾಡಿದ ಊರು ಇದು! ಆದರೂ ಪ್ರತಿ ಅಕ್ಟೋಬರಿನಲ್ಲಿ ಮುದುಕ ತಪ್ಪದೆ ಹಾಲ್‌ಗೆ ಬರುತ್ತಿದ್ದರು. ಬಾಗಿಲ ಪಕ್ಕದ ಕೊನೆಯ ಕುರ್ಚಿ, ಮಂಡಿಯ ಮೇಲೆ ಟೋಪಿ. ತನ್ನನ್ನು ಚುಚ್ಚಲೆಂದೇ ಬರುತ್ತಾರೆ ಎಂದುಕೊಂಡು ಹಿಲ್ಕೆ ಆ ಮೂಲೆಯತ್ತ ಕಣ್ಣು ಹಾಯಿಸುತ್ತಲೇ ಇರಲಿಲ್ಲ.

ಈ ವರ್ಷ ನವೆಂಬರಿನ ಒಂದು ಬೆಳಿಗ್ಗೆ, ಫ್ರೌಕೆಯ ಮಗಳು ಯಾಕೋಮಿನಾ ಬಂದರಿನ ಮೆಟ್ಟಿಲಿಳಿದು ನೀರಿಗೆ ಹೋದಳು. ಬಲೆ ತೊಳೆಯುತ್ತಿದ್ದವರು ನೋಡಿ ಎಳೆದುಹಾಕಿದರು. ಜೀವ ಉಳಿಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಗೋಡೆ ನೋಡುತ್ತಾ ಮಲಗಿದ ಹದಿನಾರರ ಹುಡುಗಿ ಯಾರ ಜೊತೆಗೂ ತುಟಿ ಬಿಚ್ಚಲಿಲ್ಲ.

ಹಿಲ್ಕೆ ಒದ್ದೆ ಏಪ್ರನ್ನಿನಲ್ಲೇ ಫ್ರೌಕೆಯ ಮನೆಗೆ ಓಡಿದಳು. ಫ್ರೌಕೆ ಮೂರು ವರ್ಷ 'ಹಿಲ್ಕೆಯ ಸಂಜೆ'ಗೆ ಬಂದು ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡವಳು.

"ಹಿಲ್ಕೆ ಚಿಕ್ಕಮ್ಮ, ನೀವು ಹೇಳಿದ ಹಾಗೇ ಮಾಡಿದ್ವಿ," ಎಂದಳು ಫ್ರೌಕೆ. ಅತ್ತು ಅತ್ತು ದನಿಯೇ ಉಳಿದಿರಲಿಲ್ಲ. "ಹೋದ ವಾರ ಮನೆಭೇಟಿ ಇತ್ತು. ಹಿರಿಯರು ಇಬ್ಬರೂ ಅವಳನ್ನ ಕೇಳಿದ್ರು, ಪೆಪ್ಪರ್‌ಮೆಂಟು ಬಾಯಿಗೆ ಹಾಕ್ಕೊಂಡು ಗೊಂಬೆ ಥರ ಕೂತ್ರು. ಅವಳು 'ನನಗೆ ಇರೋಕೇ ಇಷ್ಟ ಇಲ್ಲ' ಅಂತ ಏನೋ ಶುರು ಮಾಡಿದ್ಲು. ಎಲ್ಲಿ ಇವರೂ ನಿಮ್ಮ ಮನೇಲಿ ಹಿರಿಯರು ಮಾಡಿದ ಹಾಗೆ ಏನಾದ್ರೂ ಅಂದ್ಬಿಡ್ತಾರೋ ಅಂತ ನನಗೆ ಜೀವ ಹೊಡ್ಕೊಳ್ತು. ಅವರಿಗೆ ಬಾಯಿ ತೆರೆಯೋಕೆ ಬಿಡಲೇ ಇಲ್ಲ ನಾನು. ಪರೀಕ್ಷೆ ಹತ್ರ ಬಂತು, ಅದಕ್ಕೇ ಹೀಗೆ ಅಂತ ಎಲ್ಲಾನೂ ನಾನೇ ಹೇಳ್ದೆ. ಆಮೇಲೆ ಅವಳು ಸುಮ್ಮನಾದ್ಲು. ನಾನು ಇನ್ನೇನು ಮಾಡಬೇಕಿತ್ತು ಚಿಕ್ಕಮ್ಮ?"

ಹಿಲ್ಕೆ ಹಾಗೇ ಹೊರಟು ಬಂದಳು. ಹನ್ನೊಂದು ವರ್ಷ ಹಿರಿಯರಿಗೆ ಬಾಯಿ ಮುಚ್ಚುವುದನ್ನು ಕಲಿಸಿದ್ದಳು. ಒಬ್ಬ ತಾಯಿಗೂ ಕಲಿಸಿರಲಿಲ್ಲ.

ಅಲ್ಲಿಂದ ನೇರ ಲುಬ್ಬರ್ಟ್‌ರ ಮನೆಗೆ ಹೋದಳು. ಮುದುಕ ಕಿಟಕಿಯ ಬಳಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು.

"ಹಿರಿಯರೇ, ಶನಿವಾರ ಹಾಲ್‌ನಲ್ಲಿ ಎಲ್ಲರನ್ನೂ ಮತ್ತೆ ಸೇರಿಸಿ ನಿಜ ಹೇಳ್ತೀನಿ."

"ನಾನೀಗ ಹಿರಿಯನಲ್ಲ ಹಿಲ್ಕೆ. ಕೂತ್ಕೋ."

"ನೀವು ಒಂದು ಸಲನಾದ್ರೂ ಎದ್ದು ನಿಂತು 'ಸುಳ್ಳಿ' ಅನ್ನಬಹುದಿತ್ತು."

"ಮಗನ್ನ ಕಳ್ಕೊಂಡವಳಿಗೆ ಹೇಗೆ ಅನ್ನಲಿ? ಅಲ್ದೆ, ನೀನು ಮಾತಾಡಿದ ಮೇಲೆ ನಾನು ಅವನ ಕಡೆ ತಿರುಗಿ ಇನ್ನೊಂದು ಸಲ ಕೇಳಬಹುದಿತ್ತು. ಕೇಳಲಿಲ್ಲ. ಕೇಕು ಚೆನ್ನಾಗಿದೆ ಅಂದೆ."

"ಮತ್ತೆ ಪ್ರತಿ ವರ್ಷ ಯಾಕೆ ಬರ್ತಿದ್ರಿ? ನನ್ನ ಮುಖ ನೋಡೋಕಾ?"

ಮುದುಕ ಚಾಕು ಕೆಳಗಿಟ್ಟರು. "ಹುಡುಗನ ಆ ಮಾತು ಕೇಳೋಕೆ. ಈ ಊರಲ್ಲಿ ಅವನ ಹೆಸರನ್ನೇ ಯಾರೂ ಎತ್ತಲ್ಲ. ಅವನು ಆಡಿದ ಮಾತನ್ನ ಹೇಳೋಳು ನೀನೊಬ್ಬಳೇ. ವರ್ಷಕ್ಕೊಂದು ಸಲ."

ಹಿಲ್ಕೆ ಆ ಅಡುಗೆಮನೆಯಲ್ಲಿ ಕೂತು ಮಗ ಸತ್ತ ದಿನವೂ ಅಳದ ಹಾಗೆ ಅತ್ತಳು. ಮುದುಕ ಸುಲಿದ ಆಲೂಗಡ್ಡೆಯನ್ನು ನೀರಿಗೆ ಹಾಕಿದರು.

ಶನಿವಾರ ಮಧ್ಯಾಹ್ನ ಹಾಲ್ ಕಿಕ್ಕಿರಿದಿತ್ತು. ಯಾಕೋಮಿನಾಳ ಸುದ್ದಿ ಊರೆಲ್ಲ ಹಬ್ಬಿತ್ತು, ಹಿರಿಯರಿಗೆ ಛೀಮಾರಿ ಹಾಕಿಸುವ ಹುರುಪಿನಲ್ಲಿ ಹೆತ್ತವರು ಬಂದಿದ್ದರು. ಫ್ರೌಕೆಯೂ ಬಂದಿದ್ದಳು, ಆಸ್ಪತ್ರೆಗೆ ಹೊರಟವಳು, ಕೋಟು ಬಿಚ್ಚದೆ ಕೂತಿದ್ದಳು. ಹಿಲ್ಕೆ ಪೆಪ್ಪರ್‌ಮೆಂಟಿನ ಸುರುಳಿಯನ್ನು ಮೇಜಿನ ಮೇಲಿಟ್ಟಳು. ಈ ಸಲ ತಮಾಷೆ ಮಾಡಲಿಲ್ಲ.

"ನನ್ನ ರೀಕೆಲ್ಟ್ ಮಾತಾಡ್ತಿದ್ದಾಗ ಅಡ್ಡ ಬಾಯಿ ಹಾಕಿದ್ದು ನಾನು. ಲುಬ್ಬರ್ಟ್ ಹಿರಿಯರಲ್ಲ. ಅವರು ಕೇಳಿದ್ರು, ಕಾದ್ರು. ನನ್ನ ಮನೆ ಮರ್ಯಾದೆ ಹೋಗುತ್ತೆ ಅಂತ ನಿದ್ದೆ ಸಾಲದು ಅಂದೆ. ಅವನು ಇನ್ನೂ ಏನೋ ಹೇಳೋನಿದ್ದ. ಏನು ಅಂತ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲ."

ಯಾರೂ ನಿಟ್ಟುಸಿರು ಬಿಡಲಿಲ್ಲ. ಹತ್ತಾರು ತಲೆಗಳು ಕೊನೆಯ ಕುರ್ಚಿಯ ಕಡೆ ತಿರುಗಿ, ನಾಚಿ, ಮತ್ತೆ ಮುಂದಕ್ಕೆ ತಿರುಗಿದವು. ಲುಬ್ಬರ್ಟ್ ಟೋಪಿಯನ್ನೇ ನೋಡುತ್ತಿದ್ದರು.

ಫ್ರೌಕೆ ಎದ್ದಳು. ಮೇಜಿನ ತನಕ ನಡೆದು ಬಂದು ಹಿಲ್ಕೆಯ ಎದುರು ನಿಂತಳು.

"ಇದನ್ನ ಹೋದ ತಿಂಗಳೇ ಹೇಳಿದ್ದಿದ್ರೆ ನಾನು ಬಾಯಿ ಮುಚ್ಕೋತಿದ್ದೆ."

"ಹೌದು," ಎಂದಳು ಹಿಲ್ಕೆ.

"ನಿಮ್ಮನ್ನ ನಾನು ಕ್ಷಮಿಸಲ್ಲ ಚಿಕ್ಕಮ್ಮ."

"ಬೇಡ."

ಫ್ರೌಕೆ ಮೇಜಿನ ಮೇಲಿದ್ದ ಸುರುಳಿಯನ್ನು ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡಳು.

"ಕರಗಿದ ಮೇಲೂ ಅವಳು ಮಾತಾಡದೇ ಇದ್ರೆ?"

"ಇನ್ನೊಂದು ಹಾಕ್ಕೋ," ಎಂದಳು ಹಿಲ್ಕೆ.

ಫ್ರೌಕೆ ಆಸ್ಪತ್ರೆಯ ಬಸ್ಸಿಗೆ ಹೊರಟಳು. ಬಾಗಿಲ ಬಳಿ ಲುಬ್ಬರ್ಟ್ ಎದ್ದು ಅವಳಿಗೆ ದಾರಿ ಬಿಟ್ಟರು.