ಓದುಗರನ್ನು ಕೇಳಿ ನಂಬುವವನು

ಒಬ್ಬ ಮನುಷ್ಯ ಸತ್ತಿದ್ದಾನೋ ಬದುಕಿದ್ದಾನೋ ಎಂಬುದು ಓಟು ಹಾಕಿ ತೀರ್ಮಾನಿಸುವ ವಿಷಯವಲ್ಲ. ನೀವು ದಿನಾ ಓದುವ ಈ ಸುದ್ದಿತಾಣದ ಉಪಸಂಪಾದಕನಿಗೆ ಮಾತ್ರ ಇದು ಮರೆತುಹೋಗಿದೆ. ಹಿಂದೆಲ್ಲ ಆಸ್ಪತ್ರೆಗೆ, ಠಾಣೆಗೆ ಫೋನು ಹಚ್ಚಿ ಎಲ್ಲರ ಪ್ರಾಣ ತಿನ್ನುತ್ತಿದ್ದವನು ಈಗ ಓದುಗರ ಮುಂದೆ ಪರದೆಯ ಮೇಲೆ ಓಟು ಒತ್ತುವ ಎರಡು ಗುಂಡಿ ಇಟ್ಟು ಕಾಯುತ್ತಾನೆ. ಕಳ್ಳ ಯಾರು, ಸೇತುವೆ ಬಿದ್ದದ್ದು ಯಾರ ತಪ್ಪು, ಎಲ್ಲಕ್ಕೂ ಅವರು ಒತ್ತಿದ್ದೇ ತಲೆಬರಹ. “ವಿಚಾರಿಸಿದ್ರಾ ಸರ್?” ಎಂದು ವರದಿಗಾರ್ತಿ ಕೇಳಿದರೆ, “ನೀನೊಬ್ಳು ಹೇಳೋದಕ್ಕಿಂತ ನಾಲ್ಕು ಸಾವಿರ ಜನ ಹೇಳೋದು ಮೇಲಲ್ವೇನಮ್ಮ” ಎನ್ನುತ್ತಾನೆ. ಹೆಂಡತಿ ಕೊಡೆ ಹಿಡಿದು ಬಾಗಿಲಲ್ಲಿ ನಿಂತರೂ ಅವನು ಕಿಟಕಿಯಾಚೆ ನೋಡುವುದಿಲ್ಲ. ಮಳೆ ಬರುತ್ತಿದೆಯೇ ಎಂದು ಓದುಗರನ್ನು ಕೇಳಿ, ‘ಇಲ್ಲ’ ಗೆದ್ದ ದಿನ ತೊಯ್ದು ತೊಪ್ಪೆಯಾಗಿ ಕಚೇರಿಗೆ ಬರುತ್ತಾನೆ. ಮೊನ್ನೆ ಕೆಲಸಕ್ಕೆ ಹೋದ ಅವನ ತಮ್ಮ ಮನೆಗೆ ಮರಳಲಿಲ್ಲ. ಮರುದಿನ ಬೆಳಿಗ್ಗೆ ಇವನು ತಮ್ಮನ ಫೋಟೊ ಹಾಕಿ, ‘ಬದುಕಿದ್ದಾನೆ’, ‘ಇಲ್ಲ’ ಎಂದು ಎರಡು ಗುಂಡಿ ಇಟ್ಟ. ಮಧ್ಯಾಹ್ನಕ್ಕೆ ‘ಇಲ್ಲ’ ಗೆದ್ದಿತು. ಅವನು ಸದ್ದಿಲ್ಲದೆ ಅಳುತ್ತ ಶ್ರದ್ಧಾಂಜಲಿ ಬರೆಯತೊಡಗಿದಾಗ ಕಚೇರಿಯ ಫೋನು ಬಡಿದುಕೊಂಡಿತು. ವರದಿಗಾರ್ತಿ ಎತ್ತಿಕೊಂಡು, “ಸರ್, ನಿಮ್ಮ ತಮ್ಮ. ಕಾಲು ಮುರಿದು ಆಸ್ಪತ್ರೇಲಿದಾರಂತೆ, ಅಣ್ಣನ್ನ ಕಳಿಸಿ ಅಂತಿದಾರೆ” ಎಂದಳು. ಫೋನಿನೊಳಗಿಂದ “ಅಣ್ಣಾ, ಅಣ್ಣಾ” ಎಂಬ ಧ್ವನಿ ಅವನಿಗೂ ಕೇಳಿಸುತ್ತಿತ್ತು. ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. “ಅವನ ಥರಾನೇ ಮಾತಾಡ್ತಿದಾರೆ ನೋಡು, ಪಾಪಿಗಳು. ಇಟ್ಬಿಡಮ್ಮ” ಎಂದ. ಆ ‘ಇಲ್ಲ’ ಒತ್ತಿದವರಲ್ಲಿ ನೀವೂ ಒಬ್ಬರು. ಈಗಲೇ ಎದ್ದು ಆಸ್ಪತ್ರೆಗೆ ಹೋಗಿ, ಅಣ್ಣನ ದಾರಿ ಕಾಯುತ್ತ ಮಲಗಿರುವ ಅವನನ್ನು ಕಣ್ಣಾರೆ ನೋಡಿ ಬನ್ನಿ.