ಎಡಗಡೆಯ ಬಟನ್

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಮ್ಯಾನೇಜರ್ ಆಗಿದ್ದ ನನ್ನ ಅಣ್ಣ, ನಿವೃತ್ತಿಯಾದ ವರ್ಷ ತನಗೆಂದು ಕೊಂಡ ವಸ್ತು ಒಂದೇ, ಪಿನ್‌ಬಾಲ್ ಮಶಿನ್. ಕಾಲೇಜಿನಲ್ಲಿದ್ದಾಗ ಅವನು ಏಳು ಸಲ ನೋಡಿದ್ದ ಅಂತರಿಕ್ಷ ಯುದ್ಧದ ಇಂಗ್ಲಿಷ್ ಸಿನಿಮಾದ ಚಿತ್ರಗಳು ಅದರ ಮೈತುಂಬ ಇದ್ದವು. ಮಾಲ್‌ಗಳಲ್ಲಿ ಇಡುವಂಥ ಭಾರದ್ದಲ್ಲ, ಮನೆಯಲ್ಲಿ ಆಡಲೆಂದೇ ಮಾಡಿದ ಹಗುರ ಮಾದರಿ. ಇಳಿಜಾರಾದ ಮೇಜು, ಮೇಲೆ ಗಾಜು, ಒಳಗೆ ಓಡುವ ಉಕ್ಕಿನ ಗೋಲಿ. ಅದು ಕೆಳಗಿನ ಕಂಡಿಗೆ ಬೀಳುವ ಮೊದಲೇ ಎರಡೂ ಪಕ್ಕದ ಬಟನ್ ಒತ್ತಿ, ಒಳಗಿನ ಪುಟ್ಟ ರೆಕ್ಕೆಗಳಿಂದ ಮೇಲಕ್ಕೆ ಹೊಡೆಯಬೇಕು.

ಮರುವರ್ಷ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಎಡಗೈ ಬಿದ್ದುಹೋಯಿತು. ಎಡಗಾಲು ಎಳೆದುಕೊಂಡು ನಡೆಯುತ್ತಿದ್ದ. ಕೊಯಮತ್ತೂರಿನಲ್ಲಿ ಅಣ್ಣ-ಅತ್ತಿಗೆಯ ಪಕ್ಕದ ಬೀದಿಯಲ್ಲೇ ನನ್ನ ಮನೆ. ಪಾಠ ಮುಗಿಸಿ ಶಾಲೆಯಿಂದ ನೇರ ಅಲ್ಲಿಗೆ ಹೋಗಿ ಮಶಿನ್ನಿನ ಎಡಕ್ಕೆ ನಿಲ್ಲುತ್ತಿದ್ದೆ. ಬಲಗಡೆಯ ಬಟನ್ ಅವನದು, ಎಡಗಡೆಯದು ನನ್ನದು. ನಾನು ಸದಾ ತಡ. ಗೋಲಿ ಬಿದ್ದಾಗಲೆಲ್ಲ ಅವನು ನಗುತ್ತಿದ್ದ. ಆ ತಿಂಗಳುಗಳಲ್ಲಿ ಅವನು ನಕ್ಕಿದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಒಂದು ಸಂಜೆ ನಗಲಿಲ್ಲ.

"ಕೊಂಚ ಆಚೆ ನಿಲ್ಲು ಅಮ್ಮಣಿ. ನಾನೇ ಆಡ್ತೀನಿ."

"ಎಡಗೈ ಎತ್ತೋಕೆ ಆಗಲ್ವಲ್ಲ ಅಣ್ಣ."

"ಅದಕ್ಕೆ ಎಲ್ಲಾರೂ ನನ್ ಕೈ ಆಗ್ಬೇಕಾ? ಉಣ್ಸೋದು ಒಬ್ರು, ಅಂಗಿ ತೊಡ್ಸೋದು ಒಬ್ರು. ಇದನ್ನಾದ್ರೂ ವಿಡು, ನಂಗೆ ಬಿಟ್ಬಿಡು."

ನನಗೂ ರೇಗಿತು. ದಿನವಿಡೀ ತರಗತಿಯಲ್ಲಿ ಕೂಗಿ ಬಂದಿದ್ದೆ. "ಸರಿ, ನೀನೇ ಆಡ್ಕೊ, ಪೋ," ಎಂದು ವರಾಂಡದಲ್ಲಿ ಹೋಗಿ ಕೂತೆ. ಒಳಗೆ ಗೋಲಿ ಬೀಳುವ ಸದ್ದು, ಮತ್ತೆ ಅದೇ ಸದ್ದು. ಆಮೇಲೆ ಮೇಜಿನ ಕಾಲು ನೆಲಕ್ಕೆ ಕರಕರ ಉಜ್ಜಿತು.

ಎಡಗಡೆಯ ಬಟನ್ ಒತ್ತಲು ಅವನು ಬಲಗೈಯನ್ನು ಅಡ್ಡ ಚಾಚಿ, ಮೈಭಾರವನ್ನೆಲ್ಲ ಮಶಿನ್ ಮೇಲೆ ಹಾಕಿದ್ದ. ಅದು ಜಾರಿ, ನಾನು ಒಳಗೆ ಓಡುವಷ್ಟರಲ್ಲಿ ಅವನು ನೆಲಕ್ಕೆ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಎದೆಗೆ ಸೋಂಕು ಹತ್ತಿತು, ಮೂರು ವಾರದಲ್ಲಿ ಅಣ್ಣ ತೀರಿಕೊಂಡ.

ನಾನು ಬಾತ್‌ರೂಮಿಗೆ ಹೋಗಿದ್ದಾಗ ಬಿದ್ದ ಎಂದು ಎಲ್ಲರಿಗೂ ಹೇಳಿದ್ದೆ. ಹದಿನಾರನೆಯ ದಿನದ ಕಾರ್ಯ ಮುಗಿದ ಮೇಲೆ ತಡೆಯಲಾಗಲಿಲ್ಲ. ಅಣ್ಣನ ಶರ್ಟುಗಳನ್ನು ಮಡಿಸುತ್ತಿದ್ದ ಅತ್ತಿಗೆಯ ಪಕ್ಕ ಕೂತು ನಡೆದದ್ದನ್ನು ಹೇಳಿದೆ.

ಅವರು ಕೈ ನಿಲ್ಲಿಸಲಿಲ್ಲ. "ಗೊತ್ತು ಅಮ್ಮಣಿ. ನಾ ಅಡಿಗೆಮನೇಲೇ ಇದ್ನಲ್ಲ. ನೀವು ಜಗಳ ಆಡಿದ್ದೂ ಕೇಳಿಸ್ತು, ನೀ ಆಚೆ ಹೋಗಿದ್ದೂ ಗೊತ್ತಾತು."

"ಮತ್ತೆ ಯಾಕೆ ಕೇಳ್ಲಿಲ್ಲ ನನ್ನ?"

"ಕೇಳಿದ್ರೆ, ನೀವ್ಯಾಕೆ ಎದ್ದು ಬರ್ಲಿಲ್ಲ ಅತ್ತಿಗೆ ಅಂತ ನೀ ಕೇಳ್ತಿದ್ದೆ." ಇನ್ನೊಂದು ಶರ್ಟು ಎತ್ತಿಕೊಂಡು ಹೇಳಿದರು, "ಅವತ್ತು ನಂಗೂ ಸಾಕಾಗಿತ್ತು."

ಮಶಿನ್ನನ್ನು ಪೊಳ್ಳಾಚಿಯ ನೆಂಟರೊಬ್ಬರು ಒಯ್ದರು. ನಾನು ಈಗಲೂ ದಿನಾ ಸಂಜೆ ಅತ್ತಿಗೆಯ ಮನೆಗೆ ಹೋಗುತ್ತೇನೆ. ಕಾಫಿ ಕುಡಿಯುತ್ತೇವೆ, ಬೀದಿಯ ಸುದ್ದಿ ಆಡುತ್ತೇವೆ. ಅಣ್ಣನ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ.